ಅಮ್ಮ ದೋಣಿ ಹತ್ತಿದ ಜುಲೈ

ಮಳೆಗಾಲದಲ್ಲಿ ಮಂಗಳೂರಿಗೆ ಹೋಗುತ್ತೇವೆ ಎಂದಾಗ ರಾಜಾಜಿನಗರದ ಪಕ್ಕದ ಮನೆಯ ಆಂಟಿ ನಕ್ಕುಬಿಟ್ಟರು. "ಈ ಮಳೇಲಿ ಅಲ್ಲಿ ಹೋಗಿ ಏನ್ರೀ ಮಾಡ್ತೀರಾ? ರೂಮಲ್ಲಿ ಕೂತು ಹನಿ ಎಣಿಸ್ತೀರಾ?"

"ದೋಣಿ ಹತ್ತೀನಿ," ಎಂದಳು ಅಮ್ಮ.

ಸಣ್ಣ ಮಾತಲ್ಲ. ಅಮ್ಮ ಹುಟ್ಟಿದ್ದು ಹಾವೇರಿ ಕಡೆ, ತುಂಗಭದ್ರೆಯ ದಂಡೆಯ ಊರಲ್ಲಿ. ತಂಗಿಯರೆಲ್ಲ ಹರಿಗೋಲು ಹತ್ತಿ ಆಚೆ ದಡಕ್ಕೆ ಹೋದರೆ ಇವಳು ಈಚೆ ನಿಂತು ಅವರ ಚಪ್ಪಲಿ ಕಾಯುತ್ತಿದ್ದಳಂತೆ. ಇದು ಚಿಕ್ಕಮ್ಮಂದಿರು ಇವತ್ತಿಗೂ ಫೋನಿನಲ್ಲಿ ಹೇಳಿ ನಗುವ ಕಥೆ. ಅಮ್ಮನ ಪ್ರಕಾರ ಆಗ ಯಾರ ಕಾಲಲ್ಲೂ ಚಪ್ಪಲಿಯೇ ಇರಲಿಲ್ಲ. ಅರವತ್ತೆಂಟು ತುಂಬಿತು, ದೋಣಿ ಮಾತ್ರ ಹತ್ತಿರಲಿಲ್ಲ.

ಮಂಗಳೂರಲ್ಲಿ ಎರಡು ದಿನ ಬಿಡದೆ ಸುರಿಯಿತು. ಕಡಲತೀರಕ್ಕೆ ಹಗ್ಗ ಕಟ್ಟಿ ಕೆಂಪು ಬಾವುಟ ಹಾಕಿದ್ದರು. ಬಿಸಿ ಗೋಳಿಬಜೆ ತಿಂದೆವು, ಮಾರ್ಕೆಟ್ಟಿನಲ್ಲಿ ಪತ್ರೊಡೆಗೆ ಕೆಸುವಿನೆಲೆ ಆರಿಸುವ ಹೆಂಗಸರನ್ನು ನೋಡುತ್ತ ನಿಂತೆವು, ಒಣಗದ ಲಂಗಗಳಿಗೆ ಇಸ್ತ್ರಿ ತಿಕ್ಕಿದೆವು. ಯಾವುದು ಮೊದಲು, ಯಾವುದು ಆಮೇಲೆ ಗೊತ್ತಿಲ್ಲ. ಜೋಡಿಸಿ ಬರೆದರೆ ಸುಳ್ಳಾಗುತ್ತದೆ. ಅಮ್ಮ ಮತ್ತೆ ಮತ್ತೆ ಕೇಳಿದ್ದು ಮಾತ್ರ ಖಂಡಿತ: "ದೋಣಿ ಬಿಟ್ರಾ?"

ಮೂರನೆಯ ಬೆಳಗ್ಗೆ ಮಳೆ ನಿಂತಿತು. ಫಲ್ಗುಣಿ ನದಿಯ ಕಡವಿನಲ್ಲಿ ದೋಣಿ ಕಾಯುತ್ತಿತ್ತು. ಆಚೆ ದಡ ಐದು ನಿಮಿಷದ ದಾರಿ. ಕೊನೆಯ ಮೆಟ್ಟಿಲಲ್ಲಿ ಅಮ್ಮ ನಿಂತುಬಿಟ್ಟಳು. ಹೆದರಿದಾಗ ನಲವತ್ತು ವರ್ಷದ ರಾಜಾಜಿನಗರ ಅವಳ ನಾಲಿಗೆಯಿಂದ ಉದುರಿಹೋಗುತ್ತದೆ.

"ನಾ ಒಲ್ಲೆ. ನಾ ಮುಳುಗಿದ್ರ ಮುಳುಗ್ತೀನಿ. ಲಿಂಗ ನೀರಾಗ ಬಿದ್ರ?"

ಕೈ ಕೊರಳಿನ ಬೆಳ್ಳಿ ಕರಡಿಗೆಯ ಮೇಲಿತ್ತು. ಪೂಜೆಯ ಹೊತ್ತು ಬಿಟ್ಟರೆ ಮೈಯಿಂದ ಇಳಿಯದ ಇಷ್ಟಲಿಂಗ ಅದರೊಳಗೆ. ಇಷ್ಟು ವರ್ಷ ನಾವು ನೀರಿನ ಭಯ ಎಂದುಕೊಂಡಿದ್ದು ಇದನ್ನೇ. ಅಥವಾ ಆ ಗಳಿಗೆಗೆ ಸಿಕ್ಕ ನೆಪವೋ, ನಾನು ಕೇಳಲಿಲ್ಲ.

"ಎಂಥ ಅಮ್ಮ, ಬರ್ತೀರಾ ಇಲ್ವಾ? ಜನ ಕಾಯ್ತಾ ಇದ್ದಾರೆ ಮಾರಾಯ್ರೆ," ಎಂದ ದೋಣಿಯವನು.

"ತಡಿಯಪ್ಪ!" ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಎರಡು ಪಿನ್ನು ತೆಗೆದಳು, ನನ್ನ ಸೆರಗಿನದನ್ನೂ ಕಿತ್ತುಕೊಂಡಳು. ಕರಡಿಗೆಯ ದಾರವನ್ನು ಮೂರು ಕಡೆ ರವಿಕೆಗೆ ಚುಚ್ಚಿ ಬಿಗಿದಳು.

"ಈಗ ಎಳಿ."

ಎಳೆದೆ.

"ಜೋರಾಗಿ ಎಳಿಯೇ, ಉಂಡಿಲ್ಲೇನ?"

ಬೆರಳು ಉರಿಯುವಷ್ಟು ಎಳೆದೆ. ಬರಲಿಲ್ಲ. ಅದರ ಮೇಲೆ ಲೈಫ್ ಜಾಕೆಟ್ ತೊಟ್ಟು, ಚಾಚಿದ ಯಾರ ಕೈಯನ್ನೂ ಹಿಡಿಯದೆ ಅಮ್ಮ ದೋಣಿಗೆ ಕಾಲಿಟ್ಟಳು.

ನಡುನೀರಿನಲ್ಲಿ ಅಳಿವೆಯ ಕಡೆಯಿಂದ ಅಲೆಯೊಂದು ಬಂದು ನಮ್ಮನ್ನೆತ್ತಿತು. ಕಣ್ಣು ಮುಚ್ಚಿದವಳು ನಾನು. ಹಾಗಾಗಿ ಅಮ್ಮ ಆಗ "ಹೋ" ಎಂದು ಕೂಗಿದ್ದು ಭಯಕ್ಕೋ ಖುಷಿಗೋ ಹೇಳಲಾರೆ. ಕಣ್ಣು ತೆರೆದಾಗ ಮುಂದಿನ ಹಲಗೆಯಲ್ಲಿ ಗಾಳಿಗೆ ಮುಖವೊಡ್ಡಿ, ಸೆರಗು ಹಾರಲು ಬಿಟ್ಟು, ನೆಟ್ಟಗೆ ಕೂತಿದ್ದಳು.

ಆಚೆ ದಡದಲ್ಲಿ ಎಲ್ಲರೂ ಇಳಿದರು.

"ಇಳೀರಿ ಅಮ್ಮ, ಬಂತು."

"ಯಾರು ಇಳಿತಾರ? ತಿರುಗಿಸು."

ಆ ಬೆಳಗ್ಗೆ ನಾಲ್ಕು ಸಲ ದಾಟಿದೆವು. ಅಮ್ಮ ಆರು ಎನ್ನುತ್ತಾಳೆ; ಇರಲಿ, ಆರು. ಮತ್ತೆ ಮಳೆ ಜೋರಾಗಿ ದೋಣಿಯನ್ನು ದಡಕ್ಕೆ ಕಟ್ಟಿದಾಗ ಅವಳು ಮೆಟ್ಟಿಲ ಮೇಲೆ ತೊಪ್ಪನೆ ನೆನೆಯುತ್ತ ನಿಂತಿದ್ದಳು.

"ಜಾಕೆಟ್ ಕೊಡಿ ಅಮ್ಮ," ಎಂದು ದೋಣಿಯವನೇ ಬಂದು ಕೇಳಬೇಕಾಯಿತು.

ಬಿಚ್ಚುತ್ತ ಅಮ್ಮ ಕೇಳಿದಳು, "ನಾಳೆ ಎಷ್ಟೊತ್ತಿಗೆ ಬಿಡ್ತೀಯಪ್ಪ?"