ಮೂರು ದಿನದ ಊಟ

ತೊಂಬತ್ತರ ದಶಕದಲ್ಲಿ, ಮೈಸೂರಿನಲ್ಲಿ ಅಪ್ಪ ತೀರಿಕೊಂಡಾಗ ನಾನು ಅಮೆರಿಕದ ರಾಕ್‌ವಿಲ್‌ನಲ್ಲಿದ್ದೆ. ಊರಿಗೆ ಹೋದರೆ ವಾಪಸ್ ಬರಲು ವೀಸಾ ಸಿಗುವ ಖಾತ್ರಿಯಿರಲಿಲ್ಲ. ಹೋಗಲಿಲ್ಲ. ಅಳುವೂ ಬರಲಿಲ್ಲ. ಗೆಳೆಯರು ಫೋನ್ ಮಾಡಿ, "ಸೂತಕ ಅಲ್ವಾ, ಹದಿಮೂರು ದಿನ ಆಗ್ಲಿ, ಬರ್ತೀವಿ" ಅಂದರು. ಸರಿ ಅಂದೆ.

ಬಂದವರು ಎದುರು ಮನೆಯ ಡಾಕ್ಟರು, ಬಿಜಾಪುರದ ಮುಸಲ್ಮಾನರು. ಮೂರು ದಿನ ಎರಡು ಹೊತ್ತೂ ಅನ್ನ, ಬೇಳೆಸಾರು ತಂದುಕೊಟ್ಟರು. "ಸಾವಾದ ಮನ್ಯಾಗ ಒಲಿ ಹಚ್ಚಬಾರದ್ರೀ. ಬಾಜೂ ಮನಿಯವ್ರು ಅಡಗಿ ಮಾಡಿ ಕೊಡಬೇಕು. ಪೈಗಂಬರರ ಕಾಲದಿಂದ ನಮ್ಮಲ್ಲಿ ಹಿಂಗ ಐತಿ" ಅಂದರು. ಯಾವುದೋ ಮರುಭೂಮಿಯ ಊರಿನಲ್ಲಿ ನೆರೆಹೊರೆಯವರಿಗೆಂದು ಮಾಡಿದ ಕಟ್ಟಳೆ ಇಲ್ಲಿ ನನಗೆ ಊಟ ಹಾಕುತ್ತಿತ್ತು. ಬೇಡ ಅನ್ನಲು ಅದರಲ್ಲಿ ಜಾಗವಿರಲಿಲ್ಲ. ಉಂಡೆ. ರುಚಿ ತಿಳಿಯಲಿಲ್ಲ.

ಮರುವರ್ಷ ಬಿಜಾಪುರದಲ್ಲಿ ಅವರ ತಾಯಿ ತೀರಿಕೊಂಡರು. ಅವರಿಗೂ ಹೋಗಲಾಗಲಿಲ್ಲ. ಸುದ್ದಿ ಕೇಳಿ ಅವರ ಬಾಗಿಲವರೆಗೆ ಹೋದವನು ಸೂತಕ ನೆನಪಾಗಿ ಹಿಂತಿರುಗಿದೆ. ದೂರವಿರುವುದೇ ಮರ್ಯಾದೆ ಅಂದುಕೊಂಡಿದ್ದೆ. ಹದಿಮೂರನೆಯ ದಿನ ಬಿಸಿಬೇಳೆಬಾತ್ ಮಾಡಿ ಡಬ್ಬಿಗೆ ತುಂಬಿಕೊಂಡು ಹೋದೆ.

ಡಾಕ್ಟರು ಡಬ್ಬಿ ಇಸಿದುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಮೊದಲನೇ ದಿನ ಎರಡೂ ಹೊತ್ತು ನಿಮ್ಮ ದಾರಿ ನೋಡಿದ್ವಿ ಸರ. ಆಮ್ಯಾಲ ನಾವ ಒಲಿ ಹಚ್ಚಿದ್ವಿ."