ಲಿಫ್ಟಿನಲ್ಲಿ ಸಿಕ್ಕಿಬಿದ್ದ ಕೌಬಾಯ್

“ಟೋಪಿ ನೆವಾಡಾ ಕಡೇದು, ಕಾಲಿಗೆ ಕಟ್ಟಿರೋ ಚರ್ಮ ಟೆಕ್ಸಾಸ್‌ದು. ನೀವು ಯಾವ ಕಡೆಯವರು?”

ಅಮೆರಿಕದ ಬ್ಯೂನಾ ವಿಸ್ಟಾದಲ್ಲಿರುವ ನಮ್ಮ ಆಫೀಸಿನ ಲಿಫ್ಟಿನಲ್ಲಿ ಹಿರಿಯ ಅಮೆರಿಕನ್ನರೊಬ್ಬರು ಇಂಗ್ಲಿಷಿನಲ್ಲಿ ಹೀಗೆ ಕೇಳಿದರು. ಆಫೀಸಿನ ವೇಷಭೂಷಣ ಪಾರ್ಟಿಗೆಂದು ನಾನು ಬಾಡಿಗೆಯ ಕೌಬಾಯ್ ವೇಷ ತೊಟ್ಟು ಮೀಸೆ ತಿರುವುತ್ತಿದ್ದೆ. ಅವರು ನಮ್ಮ ಮ್ಯಾನೇಜರ್ ಮೇಡಂ ತಂದೆ. ಜೀವನವಿಡೀ ಕುದುರೆ ಮೇಲೆ ಕೂತು ದನ ಕಾಯ್ದವರಂತೆ.

“ಮೈಸೂರು ಕಡೆ, ಅಂಕಲ್,” ಎಂದೆ.

ಅವರು ನಗಲಿಲ್ಲ. ಕುದುರೆ ತಿವಿಯಲೆಂದು ನನ್ನ ಹಿಮ್ಮಡಿಗೆ ಕಟ್ಟಿದ್ದ ಮುಳ್ಳುಚಕ್ರಗಳು ಎಡಬಲ ಅದಲುಬದಲಾಗಿವೆ ಎಂದು ಮಂಡಿಯೂರಿ ಸರಿಪಡಿಸತೊಡಗಿದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಎದುರಿಗೆ ಮೇಡಂ! ಅವರ ತಂದೆ ನನ್ನ ಕಾಲ ಬಳಿ! ನನಗೆ ಭೂಮಿಯೇ ಬಾಯಿ ಬಿಡಬಾರದೇ ಎನಿಸಿತು.

ಅಂಕಲ್ ಮಾತ್ರ ಆರಾಮಾಗಿ ಎದ್ದು, “ನಿಮ್ಮಲ್ಲಿ ದನ ಕಾಯೋರು ತಲೆಗೆ ಏನು ಹಾಕ್ಕೋತಾರೆ?” ಎಂದರು.

ಮರುದಿನ ಅಮ್ಮನಿಗೆ ಫೋನ್ ಮಾಡಿ ಅದನ್ನೇ ಕೇಳಿದೆ. “ಹಾಲ್‌ನಲ್ಲಿರೋ ತಾತನ ಫೋಟೋ ನೋಡಿಲ್ವೇನೋ? ದನದ ಜೊತೆ ನಿಂತಿರೋದು?” ಎಂದರು. ಇಪ್ಪತ್ತು ವರ್ಷ ಆ ಫೋಟೋದ ಕೆಳಗೇ ಕೂತು ಊಟ ಮಾಡಿದ್ದೇನೆ. ತಾತನ ತಲೆಯ ಮೇಲೆ ಏನಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.