ಮೂಗಯ್ಯ ಮಗುಚಿ ಹಾಕಿದ ಹತ್ತು ಸೆಕೆಂಡು

ಫಿಲ್ಮಿನ ಅಂಟು ಬುಡ್ಡಿಗೆ ಒಂದೂಕಾಲು ರೂಪಾಯಿ. ಬ್ಲೇಡಿಗೆ ಒಂದಾಣೆ. ಒರೆಸುವ ಬಟ್ಟೆ ಹೆಂಡತಿಯ ಹಳೇ ಸೀರೆಯದು, ಅದಕ್ಕೆ ಖರ್ಚಿಲ್ಲ. ಗುಂಡ್ಲುಪೇಟೆಯ ಟೆಂಟ್ ಸಿನಿಮಾದಲ್ಲಿ ಮೂಗಯ್ಯ ಹರಿದ ರೀಲು ಸರಿಮಾಡುವುದು ಇಷ್ಟರಲ್ಲೇ. ಆದರೆ ಇವತ್ತು ಅವರ ತೊಡೆಯ ಮೇಲಿರುವ ರೀಲನ್ನು ಎಷ್ಟು ದುಡ್ಡು ಕೊಟ್ಟರೂ ಇನ್ನೊಮ್ಮೆ ತರಲಾಗದು.

ಆಗಷ್ಟೇ ಬೆಳಕು ಹರಿದಿದೆ. ಟೆಂಟಿನ ಹಿಂದಿನ ಚಪ್ಪಡಿಯ ಮೇಲೆ ಕೂತು ಫಿಲ್ಮನ್ನು ಆಕಾಶಕ್ಕೆ ಹಿಡಿದು ನೋಡುತ್ತಾರೆ. ಹತ್ತಿರ ಹೋದವರಿಗೆ ಮೊದಲ ಮಾತೇ, "ಬೀಡಿ ಇದ್ರೆ ಆಚೆ ಇಟ್ಟು ಬನ್ನಿ ಬುದ್ದಿ. ಇದು ಅತ್ಕೊಂಡ್ರೆ ನೀರಾಕುದ್ರೂ ಆರಕ್ಕಿಲ್ಲ."

ಹದಿನೈದು ವರ್ಷದ ಹಿಂದೆ ಬೇಗೂರಿನ ಹತ್ತಿರ ಕೆರೆ ಏರಿ ಕಟ್ಟುವಾಗ ಇಂಜಿನಿಯರೊಬ್ಬರು ತೆಗೆದ ಮಾತಿಲ್ಲದ ಚಿತ್ರ ಅದು. ಇರುವುದು ಇದೊಂದೇ ಪ್ರತಿ. ಮಣ್ಣು ಹೊತ್ತವರಲ್ಲಿ ಎಷ್ಟೋ ಜನ ಈಗಿಲ್ಲ. ಬೇರೆಯವರು ಹರಿದ ತುಂಡನ್ನು ಕತ್ತರಿಸಿ ಎಸೆಯುತ್ತಾರೆ. ಮೂಗಯ್ಯ ಅಂಟಿಸುತ್ತಾರೆ, ಎಲ್ಲಿ ಹರಿದಿತ್ತು, ಎಷ್ಟು ಬಿಡಿ ಚಿತ್ರ ಹೋಯಿತು, ಯಾರು ಕಾಣುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಓದಿದ್ದು ನಾಲ್ಕನೇ ಕ್ಲಾಸು. ಇದುವರೆಗೆ ಆ ಒಂದೇ ರೀಲಿಗೆ ನಲವತ್ತಮೂರು ಅಂಟು.

ಅದರಲ್ಲೊಂದು ತಪ್ಪಾಗಿತ್ತು. ಹೋದ ವಾರ ಚಿತ್ರ ತೋರಿಸಿದಾಗ ಬೇಗೂರಿನ ಶಿವರುದ್ರಮ್ಮ ತೀರಿಹೋದ ಗಂಡ ನಂಜಯ್ಯನನ್ನು ಪರದೆಯ ಮೇಲೆ ಕಂಡರು. ಮನೆಯಲ್ಲಿ ಅವನ ಫೋಟೋ ಒಂದೂ ಇಲ್ಲ. ಏರಿಯ ಮೇಲೆ ಕೂತು ಉಣ್ಣುತ್ತಾನೆ, ಹತ್ತು ಸೆಕೆಂಡು. ಹಿಂದಿನಿಂದ ಯಾರೋ, "ನೋಡ್ಲಾ, ನಂಜಯ್ಯ ಎಡಗೈಲೇ ಮುದ್ದೆ ಮುರೀತಾವ್ನೆ" ಎಂದು ನಕ್ಕರು.

ಆಟ ಬಿಟ್ಟ ಮೇಲೆ ಆಕೆ ನೇರ ಮೂಗಯ್ಯನ ಹತ್ತಿರ ಬಂದರು. "ನನ್ ಗಂಡ ಎಡಗೈಲಿ ಉಂಡೋನಲ್ಲ ಕಣಣ್ಣ. ಸತ್ತೋನ ಮಾನ ಯಾಕಣ್ಣ ಕಳೀತೀಯೆ?"

ತುಂಡನ್ನು ಮಗುಚಿ ಅಂಟಿಸಿದ್ದು ಮೂಗಯ್ಯನಿಗೆ ಆಗ ಹೊಳೆಯಿತು. ಎಡ ಬಲವಾಗಿತ್ತು, ಬಲ ಎಡವಾಗಿತ್ತು. "ತೆಗ್ದು ತಿರುಗ್ಸಬೋದು ಕಣವ್ವ. ಆದ್ರೆ ಒಣಗೋಗದೆ. ಪುಡಿಯಾದ್ರೆ ಅವನು ಕಾಣದೇ ಇಲ್ಲ" ಎಂದರು.

"ಉಳುದ್ರೆ ಬಲಗೈಲೇ ಉಳೀಲಿ."

ಈಗ ಬ್ಲೇಡು ಇಳಿಯುತ್ತದೆ. ಹಪ್ಪಳದಂಥ ಆ ಪಟ್ಟಿಯನ್ನು ಅವರು ಉಸಿರು ಬಿಡದೆ ಎತ್ತಿ, ತಿರುಗಿಸಿ, ಅಂಚು ಕೆರೆದು, ಅಂಟು ಸವರಿ, ಒತ್ತಿ ಹಿಡಿದು ಇಪ್ಪತ್ತು ಎಣಿಸುತ್ತಾರೆ. ಎರಡೂ ತುದಿಗೆ ಹೀಗೇ.

"ದೊಡ್ಡ ಕೆಲ್ಸ ಏನಲ್ಲ ಬುದ್ದಿ. ಕೆಡಿಸ್ದೋನು ನಾನೇ ಅಲ್ವಾ" ಎನ್ನುತ್ತಾ ನೋಟ್‌ಬುಕ್ಕು ತೆಗೆಯುತ್ತಾರೆ.

ಆ ಹತ್ತು ಸೆಕೆಂಡಿನ ನೂರ ಅರವತ್ತು ಬಿಡಿ ಚಿತ್ರದಲ್ಲಿ ಆರು ಪುಡಿಯಾದವು. ಉಳಿದ ನೂರ ಐವತ್ತನಾಲ್ಕರಲ್ಲಿ ನಂಜಯ್ಯ ಬಲಗೈಯಲ್ಲಿ ಉಣ್ಣುತ್ತಾನೆ.